ಟಿಕೆಟ್ ಆದ ಮೇಲೆ ಪ್ರೀತಿ ಹುಟ್ಟಿದರೆ: ಹೊರಡುವ ಮುಂಚೆ ಏನು ಮಾಡಬೇಕು, ಆಮೇಲೆ ಹೇಗೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ಈಗ ಯಾರ ಮನೆಗೆ ಹೋದರೂ ಹೊರದೇಶದ ಮಾತು ಬರುತ್ತದೆ. ಒಬ್ಬರ ಮಗ ಓದಲು ಜರ್ಮನಿಗೆ, ಇನ್ನೊಬ್ಬರ ಮಗಳು ನರ್ಸ್ ಕೆಲಸಕ್ಕೆ ದುಬೈಗೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲಾ ಆಗಿ ಇನ್ನೇನು ಹೊರಡಬೇಕು ಅನ್ನುವಾಗ ಯಾರ ಮೇಲೋ ಮನಸ್ಸಾಗಿಬಿಡುತ್ತದೆ. ಅದು ತಪ್ಪೂ ಅಲ್ಲ, ಹುಚ್ಚೂ ಅಲ್ಲ. ಆದರೆ ಆ ಕೆಲವು ದಿನಗಳಲ್ಲಿ ಏನು ಮಾಡಬೇಕು ಅಂತ ಹೇಳಿಕೊಡುವವರು ಇರುವುದಿಲ್ಲ. ಮನೆಯಲ್ಲಿ ಕೇಳುವ ಹಾಗಿಲ್ಲ. ಸ್ನೇಹಿತರು ಅವರವರಿಗೆ ತೋಚಿದ್ದು ಹೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಹೀಗಾದದ್ದು 2018ರ ಶ್ರಾವಣದಲ್ಲಿ. ಗೆಳತಿಯ ಮದುವೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಕೂತಿದ್ದವನು ಗೌರಿಬಿದನೂರಿನವನು. ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದ. ಪಿತೃಪಕ್ಷ ಶುರುವಾಗುವ ಮುಂಚೆ ಮನೆ ಬಿಡಬೇಕು ಅಂತ ಅವನ ಅಜ್ಜಿ ಹಟ ಹಿಡಿದಿದ್ದರಿಂದ ಸೆಪ್ಟೆಂಬರ್ 23ರ ಬೆಳಗಿನ ಜಾವದ ವಿಮಾನಕ್ಕೆ ಟಿಕೆಟ್ ಆಗಿತ್ತು. ಪರಿಚಯವಾದ ದಿನದಿಂದ ಲೆಕ್ಕ ಹಾಕಿದರೆ 31 ದಿನ. ಇದು ಬರೀ ಸ್ನೇಹ ಅಲ್ಲ ಅಂತ ಇಬ್ಬರಿಗೂ ತಿಳಿಯುವ ಹೊತ್ತಿಗೆ 19 ದಿನ ಉಳಿದಿತ್ತು.

ನಮ್ಮದು ಮದುವೆಯವರೆಗೂ ಬಂತು. ಕೋಲಾರದ ನನ್ನ ಗೆಳತಿಯೊಬ್ಬಳದು ಎಂಟು ತಿಂಗಳಿಗೆ ನಿಂತಿತು. ಕೆಳಗೆ ಬರೆದಿರುವುದರಲ್ಲಿ ಎರಡೂ ಕಡೆಯಿಂದ ಕಲಿತದ್ದಿದೆ.

ಮೊದಲು ದಿನ ಎಣಿಸಿ

ಒಂದು ಹಾಳೆ ತಗೊಂಡು, ಹೊರಡುವ ತಾರೀಖಿನಿಂದ ಹಿಂದಕ್ಕೆ ಒಂದೊಂದೇ ದಿನ ಬರೆಯುತ್ತಾ ಬನ್ನಿ. ಯಾವ ದಿನ ಏನು ಕೆಲಸ ಅಂತ ಪಕ್ಕದಲ್ಲಿ ಗುರುತು ಹಾಕಿ. ಬ್ಯಾಂಕ್ ಕೆಲಸ ಇರುತ್ತದೆ. ಹಲ್ಲು ತೋರಿಸಬೇಕು, ಕನ್ನಡಕ ಮಾಡಿಸಬೇಕು, ಚಳಿ ಬಟ್ಟೆ ಕೊಳ್ಳಬೇಕು. ಮನೆದೇವರಿಗೆ ಹೋಗಿಬರಬೇಕು. ಸೋದರಮಾವನ ಮನೆಯಲ್ಲಿ ಒಂದು ಊಟ, ದೊಡ್ಡಪ್ಪನ ಮನೆಯಲ್ಲಿ ಒಂದು ಊಟ. ಅಮ್ಮನ ಪಕ್ಕ ಸುಮ್ನೆ ಕೂರುವುದೂ ಅವರಿಗೆ ಬೇಕು. ಇಷ್ಟೆಲ್ಲ ಕಳೆದು ಉಳಿದದ್ದು ಮಾತ್ರ ನಿಮ್ಮದು. ನಮ್ಮ 19 ದಿನದಲ್ಲಿ ನಾವು ಎದುರುಬದುರು ಸಿಕ್ಕಿದ್ದು ಐದೇ ಸಲ.

ಊರಲ್ಲಿ ಉಳಿಯುವವರು ನೀವಾದರೆ, ಉಳಿದ ದಿನಗಳಿಗಾಗಿ ಜಗಳ ಆಡಬೇಡಿ. ಅವರ ಓಡಾಟದಲ್ಲಿ ಒಂದು ಕೆಲಸ ನೀವು ತಗೊಳ್ಳಿ. ನಾನು ಸಾರಿನ ಪುಡಿ, ಚಟ್ನಿಪುಡಿ ಪ್ಯಾಕ್ ಮಾಡಿಸುವ ಕೆಲಸ ತಗೊಂಡೆ. ಬಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡೆರಡು ಕವರ್ ಹಾಕಿ ಸೀಲ್ ಮಾಡಿಸಿದೆವು. ಪ್ರತಿ ಕವರಿನ ಮೇಲೆ ನಾನೇ ಹೆಸರು ಬರೆದೆ. ಅವನ ಅಮ್ಮ ಎರಡು ಡಬ್ಬಿ ತುಪ್ಪ ಕಾಯಿಸಿಟ್ಟಿದ್ದರು. ಯೂರೋಪಿಯನ್ ಒಕ್ಕೂಟದ ದೇಶಗಳಿಗೆ ನಮ್ಮ ಕಡೆಯಿಂದ ಹೋಗುವವರು ಮಾಂಸವನ್ನಾಗಲಿ, ಹಾಲಿನ ಪದಾರ್ಥಗಳನ್ನಾಗಲಿ ಜೊತೆಗೆ ಒಯ್ಯುವ ಹಾಗಿಲ್ಲ. ತುಪ್ಪ, ಖೋವಾ ಎಲ್ಲಾ ಅದರಲ್ಲೇ ಬರುತ್ತದೆ. ನಾನು ಅದನ್ನು ಓದಿ ಹೇಳಿದ್ದರಿಂದ ತುಪ್ಪ ಅಲ್ಲಿನ ಕಸ್ಟಮ್ಸ್‌ನವರ ಪಾಲಾಗದೆ ಮನೆಯಲ್ಲೇ ಉಳಿಯಿತು. ಆ ಎರಡು ಗಂಟೆ ಅಂಗಡಿಯಲ್ಲಿ ನಿಂತದ್ದು ನನಗೆ ಇವತ್ತಿಗೂ ನೆನಪಿದೆ, ಎರಡು ಸಲ ಹೋಟೆಲಿನಲ್ಲಿ ಕೂತು ಕಾಫಿ ಕುಡಿದದ್ದಕ್ಕಿಂತ ಜಾಸ್ತಿ.

ಹೇಳುವುದನ್ನು ಒಂದು ವಾರ ಮುಂಚೆಯೇ ಹೇಳಿ

"ಹೋಗೋರಿಗೆ ಯಾಕೆ ಹೇಳೋದು, ಸುಮ್ನೆ ಭಾರ" ಅಂತ ಬಹಳ ಜನ ನುಂಗಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಹೇಳದೆ ಉಳಿದ ಮಾತು ಇಬ್ಬರನ್ನೂ ವರ್ಷಗಟ್ಟಲೆ ಕೊರೆಯುತ್ತದೆ. ಆದರೆ ಏರ್‌ಪೋರ್ಟಿಗೆ ಹೊರಡುವ ಗಳಿಗೆಯಲ್ಲಿ ಹೇಳಬೇಡಿ. ಕೇಳಿಸಿಕೊಂಡವರಿಗೆ ನಾಲ್ಕು ರಾತ್ರಿ ಮಲಗೆದ್ದು ಯೋಚಿಸಲು ಸಮಯ ಬೇಕು.

ನಾನು ಹೇಳಿದ್ದು ಎರಡೇ ಮಾತು. ನನಗೆ ನಿನ್ನ ಮೇಲೆ ಮನಸ್ಸಿದೆ. ಅದಕ್ಕೋಸ್ಕರ ನೀನು ಹೋಗೋದನ್ನ ನಿಲ್ಲಿಸಬೇಡ. ಎರಡನೆಯದನ್ನು ಬಿಡಬೇಡಿ, ದಯವಿಟ್ಟು. ಒಬ್ಬರು ಹೊರಡುವುದರ ಹಿಂದೆ ಮನೆಯವರ ಸಾಲ ಇರುತ್ತದೆ, ಅಡವಿಟ್ಟ ಜಮೀನಿನ ಪತ್ರ ಇರುತ್ತದೆ. ಪ್ರೀತಿಗೋಸ್ಕರ ಪ್ರಯಾಣ ಮುಂದಕ್ಕೆ ಹಾಕಿದವರು ಮುಂದೊಂದು ದಿನ ಆ ಲೆಕ್ಕ ಕೇಳುತ್ತಾರೆ. ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳುತ್ತಾರೆ.

ಹೊರಡುವವರು ನೀವಾದರೆ ಒಂದು ಪ್ರಶ್ನೆ ಹಾಕಿಕೊಳ್ಳಿ. ನಾಳೆ ಟಿಕೆಟ್ ರದ್ದಾಗಿ ಇಲ್ಲೇ ಉಳಿದುಬಿಟ್ಟರೂ ಇವರನ್ನು ನೋಡಲು ಹೋಗುತ್ತೇನಾ? ಹೋಗುತ್ತೇನೆ ಅಂತ ತಕ್ಷಣ ಬಂದರೆ ಹೇಳಿ. ತಡವಾದರೆ, ಅದು ಹೊಸ ದೇಶದ ಹೆದರಿಕೆಗೆ ಕೈಗೆ ಸಿಕ್ಕಿದವರನ್ನು ಹಿಡಿದುಕೊಳ್ಳುತ್ತಿರುವುದೂ ಇರಬಹುದು.

ಒಂದು ಸಲ ಕೂತು ಮಾತಾಡಿ

ಇದು ಎಲ್ಲಕ್ಕಿಂತ ಮುಖ್ಯ. ಫೋನಿನಲ್ಲಿ ಬೇಡ, ಎದುರಿಗೆ ಕೂತು. ಚಿಕ್ಕ ಊರು, ಎಲ್ಲಿ ನಿಂತರೂ ಗುರುತಿನವರು ಸಿಗುತ್ತಾರೆ ಅಂತ ಗೊತ್ತು. ಭಾನುವಾರ ನಂದಿಬೆಟ್ಟದ ಮೇಲೆ ಜಾತ್ರೆಯಂತೆ ಜನ ಇರುತ್ತಾರೆ, ಅಲ್ಲಿ ಇಂಥ ಮಾತು ಆಗುವುದಿಲ್ಲ. ಬೆಟ್ಟದ ಬುಡದಲ್ಲಿ ನಂದಿ ಊರಿನ ಭೋಗನಂದೀಶ್ವರ ದೇವಸ್ಥಾನ ಇದೆಯಲ್ಲ, ವಾರದ ದಿನ ಮಧ್ಯಾಹ್ನ ಅಲ್ಲಿ ನೆಮ್ಮದಿಯಾಗಿ ಕೂರಬಹುದು. ನಾವು ಕಲ್ಯಾಣಿ ಹತ್ತಿರ ಕಲ್ಲಿನ ಮೇಲೆ ಕೂತೆವು. ದೇವಸ್ಥಾನ ಅಂದರೆ ಯಾರು ನೋಡಿದರೂ ಬೇರೆ ಅರ್ಥ ಕಲ್ಪಿಸುವುದಿಲ್ಲ, ಅದೂ ಒಂದು ಅನುಕೂಲ.

ಮಾತಾಡಬೇಕಾದದ್ದು ಮೂರು ವಿಷಯ. ಮೊದಲನೆಯದು, ನಾವು ಒಬ್ಬರಿಗೊಬ್ಬರು ಏನು. ಅಲ್ಲಿ ಯಾರಾದರೂ "ನಿನಗೆ ಯಾರಾದ್ರೂ ಇದಾರಾ" ಅಂತ ಕೇಳಿದರೆ ಏನು ಉತ್ತರ ಕೊಡುತ್ತೀರಿ? ಇಬ್ಬರ ಉತ್ತರವೂ ಒಂದೇ ಆಗಿರಬೇಕು. ಎರಡನೆಯದು, ಮುಂದೆ ಸಿಗುವುದು ಯಾವಾಗ, ಆ ಖರ್ಚು ಯಾರದು. ಮೂರನೆಯದು, ಈ ವಿಷಯ ಯಾರಿಗೆ ಗೊತ್ತಿರಬೇಕು. ಎರಡೂ ಕಡೆ ಒಬ್ಬೊಬ್ಬರಿಗಾದರೂ ಗೊತ್ತಿರಲಿ. ಅಲ್ಲಿ ಅವರಿಗೆ ಜ್ವರ ಬಂದು ಎರಡು ದಿನ ಫೋನ್ ಎತ್ತದಿದ್ದರೆ ನೀವು ವಿಚಾರಿಸಲು ಒಂದು ಬಾಗಿಲು ಬೇಕಲ್ವಾ? ನಮಗೆ ಅವನ ಅಕ್ಕ ಇದ್ದರು.

ಮದುವೆ ಯಾವಾಗ, ಯಾವ ದೇಶದಲ್ಲಿ ಮನೆ, ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುವುದು, ಇವನ್ನು ಆವತ್ತು ಎತ್ತಬೇಡಿ. ಒಂದು ತಿಂಗಳ ಪರಿಚಯ ಅಷ್ಟು ಭಾರ ಹೊರುವುದಿಲ್ಲ. ಮುಂದಿನ ಭೇಟಿಯ ತನಕ ಮಾತ್ರ ಮಾತು ಕೊಡಿ. ಆ ಭೇಟಿಗೆ ತಾರೀಖು ಇಟ್ಟುಬಿಡಿ. "ನೋಡೋಣ, ಆದಷ್ಟು ಬೇಗ ಬರ್ತೀನಿ" ಅನ್ನುವುದು ತಾರೀಖಲ್ಲ. ಅವನು ಜೇಬಿನಲ್ಲಿದ್ದ ಬಸ್ ಟಿಕೆಟ್ ತೆಗೆದು, ಹಿಂಬದಿಯಲ್ಲಿ "2019 ಡಿಸೆಂಬರ್ 20" ಅಂತ ಬರೆದು ನನ್ನ ಕೈಗೆ ಕೊಟ್ಟ. ಆ ಟಿಕೆಟ್ ಇನ್ನೂ ಇದೆ. ಮುಂದಿನ ಅಚ್ಚು ಪೂರ್ತಿ ಅಳಿಸಿಹೋಗಿದೆ. ಪೆನ್ನಿನಲ್ಲಿ ಬರೆದದ್ದು ಹಾಗೇ ಇದೆ.

ತಾರೀಖು ತಪ್ಪುವುದೂ ಉಂಟು. 2020ರ ಆಗಸ್ಟ್‌ಗೆ ಇನ್ನೊಂದು ಭೇಟಿ ಅಂತ ಇಟ್ಟಿದ್ದೆವು. ಮಾರ್ಚ್‌ನಲ್ಲೇ ಕೊರೊನಾ ಬಂದು ವಿಮಾನಗಳು ನಿಂತವು. ಅಳುತ್ತಲೇ ಅದೇ ಕರೆಯಲ್ಲಿ ಇನ್ನೊಂದು ತಾರೀಖು ಇಟ್ಟುಕೊಂಡೆವು. ಹಳೆಯದು ಹೋದ ದಿನವೇ ಹೊಸದು ಬರಬೇಕು.

ಆತುರದ ಮದುವೆ ಬೇಡ

"ರಿಜಿಸ್ಟರ್ ಮಾಡ್ಕೊಂಡು ಬಿಡಿ, ಆಮೇಲೆ ಯಾರೂ ಏನೂ ಮಾಡಕ್ಕಾಗಲ್ಲ" ಅಂತ ನಮಗೂ ಸ್ನೇಹಿತರು ಹೇಳಿದ್ದರು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲು ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಅದಕ್ಕೆ ಮುಂಚಿನ 30 ದಿನ ವಾಸ ಇದ್ದಿರಬೇಕು. ನೋಟಿಸ್ ಆದ ಮೇಲೆ ಮತ್ತೆ 30 ದಿನ ಕಾಯಬೇಕು. ಮದುವೆಯ ದಿನ 3 ಸಾಕ್ಷಿಗಳು ಬೇಕು. ನಮಗಿದ್ದದ್ದು 19 ದಿನ, ಮಾತು ಅಲ್ಲಿಗೇ ಮುಗಿಯಿತು. ದೇವಸ್ಥಾನದಲ್ಲಿ ತಾಳಿ ಕಟ್ಟಿ, ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸುವ ದಾರಿ ಬೇಗ ಆಗುತ್ತದೆ. ಬೇಗ ಆಗುತ್ತದೆ ಅನ್ನುವ ಕಾರಣಕ್ಕೇ ನಾನು ಬೇಡ ಅನ್ನುತ್ತೇನೆ.

ಇನ್ನೊಂದು ವಿಷಯ. ಮದುವೆಯಾದ ಮಾತ್ರಕ್ಕೆ ಮುಂದಿನ ತಿಂಗಳೇ ಜೊತೆಗಿರಬಹುದು ಅಂತಿಲ್ಲ. ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಶುರುವಾದ ಕೋರ್ಸುಗಳಿಗೆ ಹೋಗುವವರು, ಸಂಶೋಧನಾ ಕೋರ್ಸ್ ಅಲ್ಲದಿದ್ದರೆ, ಗಂಡನನ್ನೋ ಹೆಂಡತಿಯನ್ನೋ ಸಾಮಾನ್ಯವಾಗಿ ಜೊತೆಗೆ ಕರೆಸಿಕೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿ ಓದುವವರ ಸಂಗಾತಿಗೆ ಎಫ್-2 ವೀಸಾ ಸಿಗುತ್ತದೆ, ಆದರೆ ಅದರಲ್ಲಿ ಕೆಲಸ ಮಾಡುವಂತಿಲ್ಲ. ಜರ್ಮನಿಗೆ ಸಂಗಾತಿಯಾಗಿ ಹೋಗಲು ಸಾಮಾನ್ಯವಾಗಿ ಎ1, ಅಂದರೆ ಮೊದಲ ಹಂತದ, ಜರ್ಮನ್ ಭಾಷೆ ಬರಬೇಕು, ಕೆಲವರಿಗೆ ಮಾತ್ರ ವಿನಾಯಿತಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಏಜೆಂಟರ ಮಾತು ನಂಬುವ ಮುಂಚೆ ಆಯಾ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ.

ದುಡ್ಡು, ಸಹಿ, ಫೋಟೋ

ಕೋಲಾರದ ನನ್ನ ಗೆಳತಿಯ ಹುಡುಗ ಕೆನಡಾಕ್ಕೆ ಹೊರಟಿದ್ದ. ಕೊನೆಯ ವಾರ ಫೀಸಿಗೆ ದುಡ್ಡು ಕಡಿಮೆ ಬಿತ್ತು. ಇವಳು ತನ್ನ ಸರ ಅಡವಿಟ್ಟು 1,80,000 ರೂಪಾಯಿ ಕೊಟ್ಟಳು. ಹುಡುಗ ಮೋಸಗಾರ ಅಲ್ಲ, ಕೊಡುವ ಮನಸ್ಸೂ ಇತ್ತು. ಆದರೆ ಅಲ್ಲಿ ಬಾಡಿಗೆಗೇ ಸಾಲದೆ ಒದ್ದಾಡುತ್ತಿದ್ದ. ತಿಂಗಳು ತಿಂಗಳು ಬಡ್ಡಿ ಕಟ್ಟಿದವಳು ಇವಳು. ಮನೆಯಲ್ಲಿ "ಸರ ಎಲ್ಲಿ" ಅಂತ ಕೇಳಿದಾಗಲೆಲ್ಲ ಸುಳ್ಳು ಹೇಳಿದವಳೂ ಇವಳೇ. ಅವರಿಬ್ಬರ ನಡುವೆ ಮೊದಲು ಹಳಸಿದ್ದು ಪ್ರೀತಿ ಅಲ್ಲ. ಕರೆ ಬಂದರೆ ಇವಳಿಗೆ ದುಡ್ಡಿನ ನೆನಪು, ಕರೆ ಮಾಡಲು ಅವನಿಗೆ ನಾಚಿಕೆ.

ಹಾಗಾಗಿ ಒಡವೆ ಕೊಡಬೇಡಿ. ಎಜುಕೇಶನ್ ಲೋನಿಗೆ ಜಾಮೀನು ಸಹಿ ಹಾಕಬೇಡಿ. ಕೈಯಲ್ಲಿ ದುಡ್ಡಿದ್ದರೆ ನಿಮ್ಮ ಹೆಸರಿನಲ್ಲೇ ಬ್ಯಾಂಕಿನಲ್ಲಿ ಒಂದು ಆರ್‌.ಡಿ. ಶುರು ಮಾಡಿ, ಮುಂದಿನ ಭೇಟಿಯ ಖರ್ಚಿಗೆ ಅಂತ. ಅವರೂ ಅಲ್ಲಿ ಒಂದಿಷ್ಟು ಎತ್ತಿಡಲಿ. ನಾನು ತಿಂಗಳಿಗೆ 2,000 ಕಟ್ಟುತ್ತಿದ್ದೆ. ಕಟ್ಟುವ ದಿನ ಅವನಿಗೆ ಒಂದು ಮೆಸೇಜ್ ಹಾಕುತ್ತಿದ್ದೆ, ಅಷ್ಟೇ.

ಫೋಟೋ ವಿಷಯ. ಇನ್ನೊಬ್ಬರ ಕಣ್ಣಿಗೆ ಬಿದ್ದರೆ ನಿಮಗೆ ನಿದ್ದೆ ಬಾರದಂಥ ಫೋಟೋ ಕಳಿಸಬೇಡಿ. ಪ್ರೀತಿ ಇದ್ದರೆ ಕಳಿಸು ಅಂತ ಒತ್ತಾಯ ಮಾಡಿದರೆ, ಆ ಒತ್ತಾಯವನ್ನೇ ಗಂಭೀರವಾಗಿ ನೋಡಿ.

ಹೊರಡುವ ರಾತ್ರಿ

ಏರ್‌ಪೋರ್ಟಿನಲ್ಲಿ ಬೀಳ್ಕೊಡಬೇಕು ಅಂತ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಒಬ್ಬರು ಹೊರಟರೆ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ದೇವನಹಳ್ಳಿಗೆ ಬರುತ್ತಾರೆ. ಅಲ್ಲಿ ನೀವು ಮೂಲೆಯಲ್ಲಿ ಯಾರೋ ಆಗಿ ನಿಲ್ಲಬೇಕಾಗುತ್ತದೆ. ಈಗ ಹೊರದೇಶದ ವಿಮಾನಗಳು 2ನೇ ಟರ್ಮಿನಲ್‌ನಿಂದ ಹೊರಡುತ್ತವೆ. ಪ್ರಯಾಣಿಕರು ಮೂರು ಗಂಟೆ ಮುಂಚೆಯೇ ಹೋಗಬೇಕು, ಟಿಕೆಟ್ ಇಲ್ಲದವರು ಬಾಗಿಲ ಹೊರಗೇ ನಿಲ್ಲಬೇಕು. ಹಿಂದಿನ ದಿನವೇ ನಿಮ್ಮ ವಿದಾಯ ಮುಗಿಸಿಕೊಳ್ಳಿ. ನಾವು ಬಸ್ ಸ್ಟ್ಯಾಂಡಿನಲ್ಲಿ ಮುಗಿಸಿದೆವು, ಗೌರಿಬಿದನೂರು ಬಸ್ಸು ಬರುವ ತನಕ.

ಆ ರಾತ್ರಿ ಮನೆಯಲ್ಲಿ ಒಬ್ಬರೇ ಇರಬೇಡಿ ಅಂತ ಹೇಳಬೇಕು ಅನ್ನಿಸುತ್ತದೆ. ನಾನು ಮಹಡಿ ಮೇಲಿದ್ದೆ. ನಮ್ಮ ಮಹಡಿಯಿಂದ ತೆಂಕಣ ದಿಕ್ಕಿಗೆ ವಿಮಾನದ ದೀಪಗಳು ಕಾಣುತ್ತವೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಎಷ್ಟೋ ಮೇಲೆದ್ದವು. ಅವನದು ಯಾವುದು ಅಂತ ಗೊತ್ತಿಲ್ಲದೆ ಎಲ್ಲವನ್ನೂ ಕಣ್ಮರೆಯಾಗುವ ತನಕ ನೋಡಿದೆ. ಬೆಳಿಗ್ಗೆ ಅಮ್ಮ "ಕಣ್ಣು ಯಾಕೆ ಹಿಂಗಾಗಿದೆ" ಅಂದರು. ಗೆಳತಿ ಒಬ್ಬಳು ಜೊತೆಗಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಗಡಿಯಾರ ಸರಿಮಾಡಿಕೊಳ್ಳಿ

ಮೊದಲ ತಿಂಗಳು ಅವರಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಜರ್ಮನಿಯಲ್ಲಾದರೆ ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಜೊತೆಗೆ ಬ್ಯಾಂಕ್ ಖಾತೆ, ಸಿಮ್, ಕಾಲೇಜು. ಕರೆ ಐದು ನಿಮಿಷಕ್ಕೆ ಮುಗಿದರೆ ಪ್ರೀತಿ ಕಡಿಮೆಯಾಯಿತು ಅಂತ ಲೆಕ್ಕ ಹಾಕಬೇಡಿ.

ನಾವು ಮಾತಾಡಿಕೊಂಡದ್ದು ಇಲ್ಲಿ ರಾತ್ರಿ 10, ಅಲ್ಲಿ ಸಂಜೆ 6:30. ಅಕ್ಟೋಬರ್ 28ರ ಭಾನುವಾರ 10 ಗಂಟೆಗೆ ಫೋನ್ ಹಿಡಿದು ಕೂತೆ. ಕರೆ ಇಲ್ಲ. 10:30 ಆಯಿತು, ಇಲ್ಲ. 11ಕ್ಕೆ ಸರಿಯಾಗಿ ಬಂತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ, "ನಾನು ಆರೂವರೆಗೇ ಮಾಡಿದೀನಲ್ಲೇ" ಅಂದ. ನಿಜವೇ. ಯೂರೋಪಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಕೊನೆಯ ಭಾನುವಾರ ಮುಂದಕ್ಕೆ. ಅವನ ಫೋನ್ ತಾನೇ ಬದಲಾಗಿತ್ತು. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಬ್ರಿಟನ್ ಆದರೆ ನಾಲ್ಕೂವರೆ, ಐದೂವರೆ. ನ್ಯೂಯಾರ್ಕ್, ಟೊರಾಂಟೊ ಆದರೆ ಒಂಬತ್ತೂವರೆ, ಹತ್ತೂವರೆ. ಅವರು ಗಡಿಯಾರ ಬದಲಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ದುಬೈ ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಈ ತಲೆನೋವಿಲ್ಲ. ಇಬ್ಬರಲ್ಲಿ ಯಾರ ಗಡಿಯಾರದ ಪ್ರಕಾರ ಕರೆ ಅಂತ ಮೊದಲೇ ಒಪ್ಪಿಕೊಳ್ಳಿ.

ಕರೆಯಲ್ಲಿ ಏನು ಮಾತಾಡುವುದು

"ಊಟ ಆಯ್ತಾ", "ಆಯ್ತು", "ಏನು ಊಟ", "ಅನ್ನ ಸಾರು". ಮೂರನೇ ತಿಂಗಳಿಗೆ ಎಲ್ಲರ ಕರೆಯೂ ಇಲ್ಲಿಗೆ ಬಂದು ನಿಲ್ಲುತ್ತದೆ. ದಿನವೂ ಮಾತಾಡಲೇಬೇಕು ಅನ್ನುವ ನಿಯಮ ಬಿಟ್ಟುಬಿಡಿ. ದಿನಕ್ಕೊಂದು ವಾಯ್ಸ್ ಮೆಸೇಜ್ ಸಾಕು. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಅವನ ಎರಡು ನಿಮಿಷದ ಮಾತನ್ನು ಮೂರು ಸಲ ಕೇಳುತ್ತಿದ್ದೆ. ವಾರಕ್ಕೊಮ್ಮೆ ಮಾತ್ರ ದೊಡ್ಡ ಕರೆ.

ಆ ದೊಡ್ಡ ಕರೆಯಲ್ಲಿ ಇಬ್ಬರೂ ಏನಾದರೂ ಕೆಲಸ ಮಾಡುತ್ತಾ ಇರಿ. ನಮಗೆ ಇದು ಅವರೆಕಾಯಿ ಕಾಲದಲ್ಲಿ ತಾನಾಗಿ ಬಂತು. ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಮುಂದಿಟ್ಟುಕೊಂಡು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಒಂದೊಂದೇ ಕಾಳು ಹಿತಕುತ್ತಾ ಕೂತಿದ್ದೆ. ಬೆರಳಲ್ಲಿ ಒತ್ತಿದರೆ ಬೇಳೆ ಟಪ್ ಅಂತ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಅವನು ಆ ಕಡೆ ಬಟ್ಟೆ ಮಡಿಸುತ್ತಿದ್ದ. ಹತ್ತು ನಿಮಿಷ ಇಬ್ಬರೂ ಏನೂ ಮಾತಾಡಲಿಲ್ಲ. ಆಮೇಲೆ ಅವನು, "ಆ ಸೊಗಡು ಇಲ್ಲಿಗೇ ಬಂತು ಕಣೆ" ಅಂದ. ಒಂದು ಸೇರು ಕಾಳು ಮುಗಿಯುವ ಹೊತ್ತಿಗೆ, ಫೋನಿನಲ್ಲಿ ಯಾವತ್ತೂ ಹೇಳದೆ ಇದ್ದ ಒಂದು ಮಾತು ಹೇಳಿದ. ಮೊದಲ ಪರೀಕ್ಷೆ ಚೆನ್ನಾಗಿ ಆಗಿರಲಿಲ್ಲ, ಮನೆಯವರಿಗೆ ಹೇಳಲು ಹೆದರಿಕೊಂಡಿದ್ದ. ಮುಖ ಮುಖ ನೋಡಿಕೊಂಡು ಕೂತಿದ್ದರೆ ಅದು ಬರುತ್ತಿರಲಿಲ್ಲ.

ಮನೆಯಲ್ಲಿ ಯಾವಾಗ ಹೇಳುವುದು

ಹೊರಡುವ ವಾರ ಬೇಡ. ಮಗನನ್ನೋ ಮಗಳನ್ನೋ ಕಳಿಸುವ ಸಂಕಟದಲ್ಲಿರುವವರ ಮೇಲೆ ಇದನ್ನೂ ಹಾಕಬೇಡಿ. ಹಾಗಂತ ಬಹಳ ತಡ ಮಾಡಿದರೆ ಇನ್ನೊಂದು ಅಪಾಯ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಧನುರ್ಮಾಸ ಕಳೆದು ಸಂಕ್ರಾಂತಿ ಬಂತೆಂದರೆ ಜಾತಕ ಓಡಾಡಲು ಶುರುವಾಗುತ್ತದೆ. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದ ಮೇಲೆ ಹೇಳಿದರೆ ಅಪ್ಪ ಅಮ್ಮನಿಗೆ ನಾಲ್ಕು ಜನರ ಮುಂದೆ ಅವಮಾನ. ಅದಕ್ಕೆ ಮುಂಚೆ ಹೇಳಿ.

ನಾನು ಜನವರಿ ಮೊದಲ ವಾರ ಹೇಳಿದೆ, ಅಮ್ಮನಿಗೆ ಮಾತ್ರ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾವ ಊರು?" ಅಂದರು. ನಾನು ಜರ್ಮನಿ ಊರಿನ ಹೆಸರು ಹೇಳಿದೆ. "ಅದಲ್ಲ, ಅವರ ಮನೆ ಯಾವ ಊರು ಅಂತ ಕೇಳಿದ್ದು." ಗೌರಿಬಿದನೂರು ಅಂದೆ. "ಮನೇಲಿ ಏನು ಮಾತಾಡ್ತಾರೆ, ತೆಲುಗಾ ಕನ್ನಡನಾ?" ಅದಾದ ಮೇಲೆ ಜಾತಿ ಕೇಳಿದರು, ಮುಖ ಬಾಡಿತು. ಅಪ್ಪನಿಗೆ ಗೊತ್ತಾಗಲು ಇನ್ನೂ ಐದು ತಿಂಗಳು ಬೇಕಾಯಿತು, ಒಪ್ಪಲು ಒಂದೂವರೆ ವರ್ಷ. ಇಲ್ಲಿ ನನಗೆ ಆಸರೆಯಾಗಿದ್ದು ಆ ಬಸ್ ಟಿಕೆಟ್. "ಅವನು ಡಿಸೆಂಬರ್‌ನಲ್ಲಿ ಬರ್ತಾನೆ, ಬಂದಾಗ ನೀವೇ ನೋಡಿ ಮಾತಾಡಿ, ಅಲ್ಲಿವರೆಗೂ ಬೇರೆ ಗಂಡು ನೋಡಬೇಡಿ" ಅಂತ ಕೇಳಲು ನನ್ನ ಹತ್ತಿರ ಒಂದು ತಾರೀಖು ಇತ್ತು.

ನಿಲ್ಲಿಸಬೇಕಾದರೆ

ನಿಂತುಹೋಗುವ ಪ್ರೀತಿಗಳೂ ಇವೆ, ಅದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ಮುಂದಿನ ಭೇಟಿಗೆ ತಾರೀಖು ಇಡಲು ಒಬ್ಬರು ಮೂರು ನಾಲ್ಕು ಸಲ ಜಾರಿಕೊಂಡರೆ ನೇರವಾಗಿ ಕೇಳಿಬಿಡಿ. ನಿಮಗೇ ಬೇಡ ಅನ್ನಿಸಿದರೆ ಫೋನ್ ಎತ್ತುವುದನ್ನು ಕಡಿಮೆ ಮಾಡುತ್ತಾ ಹೋಗಬೇಡಿ. ನನ್ನ ಗೆಳತಿ ಆರು ವಾರ ಮೆಸೇಜಿನ ನೀಲಿ ಗುರುತು ನೋಡುತ್ತಾ ಕೂತಿದ್ದಳು. "ಇನ್ನು ಆಗಲ್ಲ" ಅನ್ನುವ ಒಂದು ಮಾತು ಬಂದಿದ್ದರೆ ಅವಳು ಅತ್ತು, ಎದ್ದು, ಕೆಲಸಕ್ಕೆ ಹೋಗುತ್ತಿದ್ದಳು. ಕರೆ ಮಾಡಿ ಹೇಳಿ. ಕೊಡಬೇಕಾದ ದುಡ್ಡಿದ್ದರೆ ಯಾವಾಗ ಕೊಡುತ್ತೀರಿ ಅಂತ ಅದೇ ಕರೆಯಲ್ಲಿ ಹೇಳಿ.

ಮೊದಲ ಸಲ ವಾಪಸ್ ಬಂದಾಗ

ಬಂದ ಮೊದಲ ಮೂರು ದಿನ ಅವರ ಮನೆಯವರಿಗೆ ಬಿಟ್ಟುಬಿಡಿ. ಅವನು ಡಿಸೆಂಬರ್ 20ಕ್ಕೆ ಬಂದ. ನಾವು ಸಿಕ್ಕಿದ್ದು 24ಕ್ಕೆ, ಅದೇ ನಂದಿ ದೇವಸ್ಥಾನದಲ್ಲಿ. ಹದಿನೈದು ತಿಂಗಳು ಫೋನಿನ ಪರದೆಯಲ್ಲಿ ನೋಡಿದ ಮುಖ ಎದುರಿಗೆ ಬಂದಾಗ ಗುರುತಿಲ್ಲದವರಂತೆ ಆಗುತ್ತದೆ. ಅದಕ್ಕೆ ಹೆದರಬೇಡಿ. ಅವನು ದಪ್ಪಗಾಗಿದ್ದ, ಮಾತು ನಿಧಾನ ಆಗಿತ್ತು. ಕಾಲು ಗಂಟೆ ಇಬ್ಬರಿಗೂ ಮಾತು ಬರಲಿಲ್ಲ. ಬಸ್ ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ಕೇಳಿದ, ಹೇಳಿದೆ. ಕೊನೆಗೆ ಚೀಲದಿಂದ ಒಂದು ಖಾಲಿ ಕವರ್ ತೆಗೆದ. ಸಾರಿನ ಪುಡಿಯದು, ನನ್ನ ಅಕ್ಷರ ಇದ್ದದ್ದು. "ಇದು ಮುಗಿದು ಏಳು ತಿಂಗಳಾಯ್ತು, ಈ ಸಲ ಎರಡು ಕೆಜಿ ಬೇಕು" ಅಂದ. ಆ ಸಂಜೆಯೇ ಬಿ.ಬಿ. ರಸ್ತೆಯ ಅದೇ ಅಂಗಡಿಗೆ ಹೋದೆವು.